ಬಾಗಿಲಿಗೆ ಇಟ್ಟ ಬೋಲ್ಟು

ನಮ್ಮ ಮನೆಯ ಹಿಂದಿನ ಕೋಣೆಯ ಬಾಗಿಲಿಗೆ ಅಡ್ಡ ಇಟ್ಟಿರುವ ತುಕ್ಕು ಹಿಡಿದ ದಪ್ಪ ಕಬ್ಬಿಣದ ಬೋಲ್ಟನ್ನು ಕಂಡವರೆಲ್ಲ, ಇದನ್ನೇಕೆ ಇನ್ನೂ ಗುಜರಿಗೆ ಹಾಕಿಲ್ಲ ಎಂದು ಕೇಳುತ್ತಾರೆ; ನೀವೂ ಕೇಳುವ ಮೊದಲೇ ಹೇಳಿಬಿಡುತ್ತೇನೆ.

ಸ್ವಾತಂತ್ರ್ಯ ಬಂದ ಹೊಸತು, ಕೊಡಗು ತಾನೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ. ಸಿದ್ದಾಪುರದ ಬಳಿಯ ಕಾಫಿ ಎಸ್ಟೇಟಿನಲ್ಲಿ ಅಪ್ಪ ರೈಟರು, ಆಳುಗಳ ಹಾಜರಿ ಕರೆಯುವವರು. ಹಲಸಿನ ಮರಕ್ಕೆ ತೂಗುಹಾಕಿದ್ದ ರೈಲುಕಂಬಿಯ ತುಂಡಿಗೆ ಈ ಬೋಲ್ಟಿನಿಂದ ಬಡಿದರೆ ಸಾಲು ಲೈನುಮನೆಗಳಲ್ಲಿದ್ದ ಆಳುಗಳೆಲ್ಲ ಬಂದು ಸಾಲು ನಿಲ್ಲುತ್ತಿದ್ದರು. ಆ ಲೈನು ಕಟ್ಟಿಸಿದ ಮಹನೀಯರು ಆಳುಗಳಿಗೂ ಮಕ್ಕಳಾಗುತ್ತವೆ, ಆ ಮಕ್ಕಳಿಗೂ ಒಂದು ದಿನ ಹದಿನೆಂಟು ತುಂಬುತ್ತದೆ ಎಂಬುದನ್ನು ಮಾತ್ರ ಮರೆತಿದ್ದರು. ನನ್ನ ಜೀವದ ಗೆಳತಿ ಪೊನ್ನಿಯ ಮನೆಯೆಂದರೆ ಒಂದೇ ಕೋಣೆ. ತಂದೆತಾಯಿ, ಇಬ್ಬರು ಅಣ್ಣಂದಿರು, ಅತ್ತಿಗೆಯರು, ನಡುವೆ ಹಳೆಯ ಸೀರೆಯ ಪರದೆ. ಪಕ್ಕದ ಲೈನಿನವನೊಂದಿಗೆ ಗೊತ್ತಾಗಿದ್ದ ಅವಳ ಮದುವೆ, ಅಲ್ಲೂ ಜಾಗವಿಲ್ಲದೆ ಮುಂದೆ ಹೋಗುತ್ತಲೇ ಇತ್ತು.

"ರೈಟರ್ ಮಗಳೇ, ಸೀರೆ ಅಡ್ಡ ಕಟ್ಟಿ ಎಷ್ಟು ವರ್ಷ ಮಲಗೋದು? ನಂಗೊಂದು ರೂಮು ಕೊಡ್ಲಿ, ಸಾಕು" ಎನ್ನುತ್ತಿದ್ದಳು. ಅವಳಂಥವರು ಹತ್ತಾರು ಮಂದಿ ಎಸ್ಟೇಟಿನ ದೊರೆಯ ಬಂಗಲೆಯ ಮುಂದೆ ನಿಂತು ಅದನ್ನೇ ಕೇಳಿದಾಗ ದೊಡ್ಡವರು ಬಿಸಿರಕ್ತ ಎಂದು ನಕ್ಕರು.

ಒಂದು ಭಾನುವಾರ ಸಂಜೆ ಆ ಹುಡುಗ ಹುಡುಗಿಯರೆಲ್ಲ ಸೇರಿ ಕಂಬಿಯನ್ನು ಇಳಿಸಿ ಕೆರೆಗೆ ಹಾಕಿದರು. ಗಂಟೆ ಬಾರಿಸದಿದ್ದರೆ ಕೆಲಸ ನಿಲ್ಲುತ್ತದೆ, ದೊರೆ ಮಾತಿಗೆ ಬರುತ್ತಾನೆ ಎಂಬ ಎಣಿಕೆ. "ನಿಮ್ ಮನೇಲಿ ಯಾರೂ ಹುಡುಕಲ್ಲ" ಎಂದು ಪೊನ್ನಿ ಬೋಲ್ಟನ್ನು ಜೊತೆಗಿದ್ದ ನನ್ನ ಕೈಗಿಟ್ಟಳು. ಮರುದಿನ ಗಂಟೆಯೇನೋ ಬಾರಿಸಲಿಲ್ಲ. ಆದರೆ ಅದೇ ಹೊತ್ತಿಗೆ, ಮಂಜಿನಲ್ಲಿ, ಅವರ ತಾಯಂದಿರೆಲ್ಲ ಬುಟ್ಟಿ ಹಿಡಿದು ಸಾಲಾಗಿ ನಿಂತಿದ್ದರು.

"ಗಂಟೆ ಎಲ್ಲಮ್ಮಾ ಹೊಡೀತು?" ಎಂದು ಪೊನ್ನಿ ಕಿರುಚಿದಳು.

"ಇಷ್ಟು ವರ್ಷ ಆದ್ಮೇಲೆ ಗಂಟೆ ಬೇಕಾ ನಂಗೆ?" ಎಂದಳು ತಾಯಿ.

ಕಂಬಿ ಇಳಿಸಿದವರಾರೆಂದು ಅಪ್ಪ ನನ್ನನ್ನೂ ಕೇಳಿದರು. ನಾನು ಬಾಯಿ ಬಿಡಲಿಲ್ಲ. ಅದನ್ನು ಗೆಳೆತನವೆಂದೇ ಬಹುಕಾಲ ನಂಬಿಕೊಂಡಿದ್ದೆ. ಬೇರೆ ಯಾರೋ ಪೊನ್ನಿಯ ಹೆಸರು ಹೇಳಿದರು. ಆಗಲಾದರೂ, ನಾನೂ ಇದ್ದೆ ಅಪ್ಪಾ ಎಂದಿದ್ದರೆ ಅವಳ ಹೆಸರು ಹೊಡೆಯಹೊರಟ ಅವರ ಪೆನ್ನು ನಿಲ್ಲುತ್ತಿತ್ತೇನೋ. ಹಾಜರಿಯಿಂದ ಹೆಸರು ಹೋದವರಿಗೆ ಲೈನಿನಲ್ಲಿ ಜಾಗವಿಲ್ಲ. ಗಂಟು ಹೊತ್ತು ವಿರಾಜಪೇಟೆ ಬಸ್ಸು ಹತ್ತಿದವಳು ಕಿಟಕಿಯಿಂದ ನನ್ನನ್ನು ಹುಡುಕಿದಳಂತೆ. ನಾನು ಹೋಗಿರಲಿಲ್ಲ.

ಎಲ್ಲಾದರೂ ಹುಡುಗರು ರೊಚ್ಚಿಗೆದ್ದರೆಂದು ಕೇಳಿದಾಗ, ಅವರ ರಕ್ತದ ಬಿಸಿ ನೋಡುವ ಮೊದಲು ಅವರು ಮಲಗುವ ಜಾಗ ಅಳೆದು ಬನ್ನಿ ಎನ್ನಬೇಕೆನಿಸುತ್ತದೆ. ನಮ್ಮ ಹಿಂದಿನ ಕೋಣೆಯಲ್ಲಿ ಯಾರೂ ಇಲ್ಲ. ದಿನಾ ಗುಡಿಸಿ, ಚಾಪೆ ಹಾಸಿ, ಬಾಗಿಲು ಮುಚ್ಚಿಕೊಳ್ಳದಂತೆ ಪೊನ್ನಿ ಕೊಟ್ಟ ಬೋಲ್ಟನ್ನು ಇಟ್ಟು ಬರುತ್ತೇನೆ.