ಕೆಟಲ್ಲಿನ ಜಾಗ

ನನ್ನ ಅಕ್ಷರ ಸೊಟ್ಟ, ಮಾತೂ ಸಾಲದು, ಕ್ಷಮಿಸಿ. ಇದು ನಮ್ಮೂರು ಮಿನ್ಯಾದ ಸುಣ್ಣಕಲ್ಲು ಗಣಿಯ ಲಾರಿ ಚಾಲಕ ವಹೀಬ್ ಚಿಕ್ಕಪ್ಪನ ಕಥೆ.

ಕಲ್ಲು ತುಂಬುವವರು ಕ್ಯಾಬಿನ್ನಿನ ಹಿಂದೆ, ಅದಕ್ಕೂ ಕಲ್ಲುಗಳಿಗೂ ನಡುವೆ, ಚಹಾದ ಕೆಟಲ್ ಇಡಲು ಒಂದು ಮೊಳ ಜಾಗ ಬಿಡುತ್ತಿದ್ದರು. ಒಮ್ಮೆ ಎಮ್ಮೆ ಅಡ್ಡ ಬಂತೆಂದು ವಹೀಬ್ ಬ್ರೇಕ್ ಒತ್ತಿದ. ಲಾರಿ ನಿಂತಿತು, ಕಲ್ಲುಗಳು ನಿಲ್ಲಲಿಲ್ಲ. ಆ ಒಂದು ಮೊಳ ದಾಟಿ, ತಗಡು ಸೀಳಿ, ಪಕ್ಕದಲ್ಲಿ ಕುಳಿತಿದ್ದ ಅವನ ಅಣ್ಣ ಸಬ್ರಿಯ ತಲೆ ಜಜ್ಜಿದವು. ಸಬ್ರಿ ನನ್ನ ಅಪ್ಪ.

ಅಂದಿನಿಂದ ಆ ಸಂದಿಗೆ ವಹೀಬನೇ ಕಲ್ಲು ಬಡಿದು ಬಿಗಿ ಮಾಡುತ್ತಾನೆ. ನಿನ್ನೆ ಕೂಲಿಯಾಳು ಶಹಾತ್ ಮತ್ತೆ ಜಾಗ ಬಿಟ್ಟು ಕೆಟಲ್ ಇಟ್ಟಿದ್ದ. ವಹೀಬ್ ಸುತ್ತಿಗೆ ಹಿಡಿದು ಬಂದದ್ದು ಕಂಡು ಶಹಾತ್ ನಕ್ಕ:

“ಏನ್ ಉಸ್ತಾದ್, ಕಲ್ಲಿಗೆ ಕಾಲು ಬಂದಿದ್ಯಾ?”

“ಕಾಲಿಲ್ಲ ಕಣೋ, ಅದಕ್ಕೇ ತಾನಾಗಿ ನಿಲ್ಲಕ್ಕೆ ಬರಲ್ಲ!” ಎಂದು ವಹೀಬ್ ಸುತ್ತಿಗೆಯಿಂದ ಕೆಟಲ್ ಚಪ್ಪಟೆ ಮಾಡಿದ.

ನಾಳೆಯಿಂದ ಕಲ್ಲು ತುಂಬುವವರ ಚಹಾವನ್ನು ನಾನೇ ಮನೆಯಿಂದ ಗಣಿಗೆ ಹೊತ್ತೊಯ್ಯುತ್ತೇನೆ.