ಅಜ್ಜಿಗೆ ಅಂಟಿಸಿದ ಮೈ

ತಾತನ ಹತ್ತಿರ ಒಂದು ತಗಡಿನ ಡಬ್ಬಿ ಇತ್ತು. ಅದರ ತುಂಬ ನಟಿಯರು. ಹಿಂದೆ ಸಿಗರೇಟು ಪ್ಯಾಕಿನೊಳಗೆ ಬರುತ್ತಿದ್ದ ಬೆರಳುದ್ದದ ಚಿತ್ರಗಳು. ತಾತನ ಸೋದರಮಾವ ಸೇದಿ ಸೇದಿ ಕೂಡಿಹಾಕಿ ಅಳಿಯನಿಗೆ ಬಿಟ್ಟುಹೋದವು. ಕತ್ತರಿಸಿದ ಕೂದಲು, ತಿದ್ದಿದ ಹುಬ್ಬು, ಗಲ್ಲದ ಮೇಲೆ ಬೆರಳು. ಯಲಿಯೂರಿನ ಮನೆಯ ಜಗುಲಿಯಲ್ಲಿ ಕೂತು ತಾತ ಒಂದೊಂದನ್ನೂ ಪಂಚೆಯ ತುದಿಯಲ್ಲಿ ಒರೆಸಿ ಜೋಡಿಸುತ್ತಿದ್ದರು. ನಾವು ಮೊಮ್ಮಕ್ಕಳು ಮುಟ್ಟುವಂತಿರಲಿಲ್ಲ.

ಅದೇ ಮನೆಯಲ್ಲಿ ಅಜ್ಜಿಯ ಒಂದೇ ಒಂದು ಫೋಟೊ ಇರಲಿಲ್ಲ. ಹೋದ ವರ್ಷ ಅಜ್ಜಿ ತೀರಿಕೊಂಡಾಗ ಇದು ನಮಗೆ ಗೊತ್ತಾಯಿತು. ತಿಥಿಗೆ ಫೋಟೊ ಬೇಕಲ್ಲ, ಆಲ್ಬಂಗಳನ್ನೆಲ್ಲ ತಡಕಾಡಿದೆವು. ಮದುವೆ, ನಾಮಕರಣ, ಗೃಹಪ್ರವೇಶ, ಎಲ್ಲದರಲ್ಲೂ ತಾತ ನಡುವೆ ಕೂತಿದ್ದಾರೆ. ಅಜ್ಜಿ ಎಲ್ಲಿ? ಒಲೆ ಮುಂದೆ. "ನಿಂಗ್ಯಾಕಮ್ಮಿ ಪೋಟೊ, ಓಗು, ಕಾಪಿ ಕಾಸು" ಎಂದು ತಾತ ಅಟ್ಟಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ಸಿಕ್ಕಿದ್ದು ಆಧಾರ್ ಕಾರ್ಡಿನ ಮುಖ. ಅದನ್ನು ಹಿಡಿದು ಚಿಕ್ಕಪ್ಪನೂ ನಾನೂ ಮಂಡ್ಯದ ಒಂದು ಸ್ಟುಡಿಯೊಗೆ ಹೋದೆವು. ಅಲ್ಲಿಯವನು ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ತೆರೆದ. ರೇಷ್ಮೆ ಸೀರೆ ಉಟ್ಟು, ಒಡವೆ ಹೇರಿಕೊಂಡ ಹೆಂಗಸರು ಸಾಲಾಗಿ ಕೂತಿದ್ದಾರೆ, ಒಬ್ಬರಿಗೂ ತಲೆಯಿಲ್ಲ. ಸತ್ತವರ ಮುಖವನ್ನು ಆ ಮೈಗೆ ಅಂಟಿಸುವುದು ನಮ್ಮ ಕಡೆ ಮಾಮೂಲು. ಚಿಕ್ಕಪ್ಪ ಹಸಿರು ಸೀರೆಯವಳನ್ನು ಆರಿಸಿದರು. ಅವನು ಅಜ್ಜಿಯ ಮುಖ ಕೂರಿಸಿ, ಸುಕ್ಕು ಅಳಿಸಿ, ಬೆಳ್ಳಗೆ ಮಾಡಿದ.

"ಕೈ ಅಜ್ಜೀದಲ್ಲ" ಎಂದೆ. ಅಜ್ಜಿಯ ಕೈ ಕಬ್ಬಿನ ಗರಿ ಕೊಯ್ದು ಗೀರುಗೀರಾಗಿತ್ತು.

"ಸತ್ತೋರ್ ಕೈ ಯಾರ್ ನೋಡ್ತರೆ ಬುಡವ್ವ, ಲಕ್ಸಣವಾಗಿ ಅದೆ" ಎಂದರು ಚಿಕ್ಕಪ್ಪ.

ಹೆಂಗಸರ ಕಾಲ ಬದಲಾಯಿತು ಅನ್ನುತ್ತಾರೆ. ಏನು ಬದಲಾಯಿತು, ಮಣ್ಣು! ಆಗ ಚಿತ್ರದ ಹೆಣ್ಣೇ ಬೇಕಿತ್ತು, ಮನೆಯವಳಲ್ಲ. ಈಗ ಮನೆಯವಳನ್ನೇ ಚಿತ್ರದ ಹೆಣ್ಣು ಮಾಡುತ್ತಾರೆ, ಅದೂ ಸತ್ತ ಮೇಲೆ. ಆ ನಟಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರನ್ನೂ ಯಾರೋ ತಿದ್ದಿ ತೀಡಿಯೇ ಸಿಗರೇಟಿನ ಜೊತೆ ಮಾರಿದ್ದು.

ತಿಥಿಯ ದಿನ ನಡುಮನೆಯಲ್ಲಿ ಫೋಟೊ ಇಟ್ಟು ಹಾರ ಹಾಕಿದರು. ತಾತ ಕೋಲೂರಿಕೊಂಡು ಬಂದು ಅದರ ಮುಂದೆ ನಿಂತರು. ಬಹಳ ಹೊತ್ತು ನೋಡಿದರು. ಅಜ್ಜಿ ಬದುಕಿದ್ದಾಗ ಅಷ್ಟು ಹೊತ್ತು ಅವರು ಅವಳನ್ನು ನೋಡಿದ್ದನ್ನು ನಾನು ಕಂಡಿರಲಿಲ್ಲ. ತಡೆಯಲಾಗದೆ ಹೇಳಿಬಿಟ್ಟೆ: "ತಾತ, ಅದು ಅಜ್ಜಿ ಅಲ್ಲ. ಮಖ ಒಂದ್ ಬುಟ್ರೆ ಎಲ್ಲಾ ಬ್ಯಾರೆಯೋರ್ದು."

"ಗೊತ್ತು ಕಣವ್ವ" ಎಂದರು ತಾತ, ಕಣ್ಣು ಕೀಳದೆ. "ಈಗ ಚೆಂದಾಗವ್ಳೆ."

ನೆಂಟರೆಲ್ಲ ನೋಡುತ್ತಿದ್ದಂತೆಯೇ ನಾನು ಆ ಫೋಟೊವನ್ನು ಹಾರದ ಸಮೇತ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ.