ಆಯಿ ಒಪ್ಪಿಸಿಕೊಂಡ ಪಾಠ

ಈಗಷ್ಟೇ ಪಕ್ಕದ ಮನೆಯಿಂದ ಶೇಂಗಾ ಹುರಿಯುವ ವಾಸನೆ ಬಂತು. ನಿಮಗಾದರೆ ಶೇಂಗಾ ಹಿಂಡಿ, ಮೊಸರು, ಬಿಸಿ ರೊಟ್ಟಿ ನೆನಪಾದಾವು. ನನಗೆ ನೆನಪಾಗುವುದು ಅ, ಆ, ಇ, ಈ.

ಮಗಳು ಸೃಷ್ಟಿ ಆಗ ಯುಕೆಜಿಯಲ್ಲಿದ್ದಳು. ಮನೆಯಲ್ಲಿ ದಿನಾ ಓದಿಸಿರಿ ಎಂದು ಶಾಲೆಯಿಂದ ಜೆರಾಕ್ಸ್ ಹಾಳೆಗಳು ಬರುತ್ತಿದ್ದವು. ಚಿತ್ರವಿಲ್ಲ, ಬರೀ ಪದಗಳು: ಅರಸ, ಅಗಸ, ಬಸವ, ಗರಗಸ. ಮೊದಲು ಆ ಕೆಲಸ ನನ್ನದಾಗಿತ್ತು. ದ್ರಾಕ್ಷಿಗೆ ಔಷಧ ಹೊಡೆದು ಬಂದು, ಕೈಕಾಲು ತೊಳೆದು ಕೂರುತ್ತಿದ್ದೆ. ಬಳ್ಳಿ ಹಣ್ಣು ಬಿಡಲಿ ಎಂದು ತಿಂಗಳುಗಟ್ಟಲೆ ಕಾಯುವ ನನಗೆ, ಮಗಳ ಬಾಯಿಂದ ಒಂದು ‘ಗ’ ಬರುವಷ್ಟು ಹೊತ್ತು ಕಾಯಲು ಆಗುತ್ತಿರಲಿಲ್ಲ. ಅವಳು ಅಳುತ್ತಿದ್ದಳು, ನಾನು ಬೆವರುತ್ತಿದ್ದೆ, ಗರಗಸ ಹಾಳೆಯ ಮೇಲೆ ಹಾಗೇ ಬಿದ್ದಿರುತ್ತಿತ್ತು. ಇವರಿಬ್ಬರಲ್ಲಿ ಯುಕೆಜಿ ಯಾರು ಎಂದು ಹೆಂಡತಿ ಕೇಳುತ್ತಿದ್ದಳು.

ಒಂದು ಸಂಜೆ ನನ್ನ ಅವ್ವ, ಅಂದರೆ ಸೃಷ್ಟಿಯ ಆಯಿ, ಅಡುಗೆಮನೆಯಿಂದ ಬಂದು ಹಾಳೆ ಕಸಿದುಕೊಂಡಳು. ನಾಳೆಯಿಂದ ಪಾಠ ತಾನೇ ಒಪ್ಪಿಸಿಕೊಳ್ಳುವುದಾಗಿ ಹೇಳಿ ನನ್ನನ್ನು ಹಿತ್ತಲಿಗೆ ಅಟ್ಟಿದಳು. ನನಗೂ ಹಾಲು ಕುಡಿದಷ್ಟು ಸಂತೋಷ.

ಅಂದಿನಿಂದ ಅವ್ವ ಶೇಂಗಾ ಹುರಿಯುತ್ತ, ಸಿಪ್ಪೆ ಊದುತ್ತ ಪಾಠ ಕೇಳತೊಡಗಿದಳು. ಹುಡುಗಿ ಗಡಗಡ ಓದುತ್ತಿದ್ದಳು. ಅವ್ವ ಚಸ್ಮಾ ಸರಿಮಾಡಿಕೊಂಡು ಹಾಳೆ ನೋಡಿ, ತಲೆಯಾಡಿಸಿ, ಒಂದು ಹಿಡಿ ಶೇಂಗಾ ಕೊಡುತ್ತಿದ್ದಳು. ಮೊಮ್ಮಗಳು ನೀರು ಕುಡಿದಂತೆ ಓದುತ್ತಾಳೆಂದು ಐನಾಪುರದ ನಮ್ಮ ಓಣಿಯಲ್ಲೆಲ್ಲ ಸುದ್ದಿ ಹಬ್ಬಿತು, ಹಬ್ಬಿಸಿದವಳು ಅವ್ವನೇ. ಬರುವ ಶನಿವಾರ ಮಕ್ಕಳು ಶಾಲೆಯಲ್ಲಿ ಪಾಲಕರ ಮುಂದೆ ಓದುವುದಿತ್ತು. ಅದಕ್ಕೆ ಅವಳು ಓಣಿಯ ಹೆಂಗಸರನ್ನೂ ಕರೆದಿಟ್ಟಿದ್ದಳು.

ಆ ವಾರದ ಮೊದಲಲ್ಲೇ ಒಂದು ಸಂಜೆ ನೀರು ಕುಡಿಯಲು ಒಳಗೆ ಹೋದೆ. ಓದು ಸೊಗಸಾಗಿ ಸಾಗಿತ್ತು. ಇಬ್ಬರ ಮುಂದಿದ್ದ ಹಾಳೆ ಮಾತ್ರ ತಲೆಕೆಳಗಾಗಿತ್ತು. ಹುಡುಗಿ ತರಗತಿಯಲ್ಲಿ ಕೇಳಿದ್ದನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದಳು. ಅವ್ವ ಆ ಹಾಳೆಯನ್ನೇ ದಿಟ್ಟಿಸುತ್ತ ಭೇಷ್ ಎನ್ನುತ್ತಿದ್ದಳು.

ಹಾಗಂತ ಅವ್ವ ಓದಿಲ್ಲದವಳಲ್ಲ. ಮಿರಜ ಕಡೆಯ ಮರಾಠಿ ಶಾಲೆಯಲ್ಲಿ ಕಲಿತವಳು. ದಿನಾ ಮರಾಠಿ ಪೇಪರನ್ನು ಜಾಹೀರಾತೂ ಬಿಡದೆ ಓದುತ್ತಾಳೆ. ಕನ್ನಡ ಮಾತಿನಲ್ಲಿ ಅವಳನ್ನು ಮೀರಿಸುವವರಿಲ್ಲ. ಒಂದೇ ಉಸಿರಿನಲ್ಲಿ ಎರಡೂ ಭಾಷೆ ಆಡುವ ನಮ್ಮ ಕಡೆ, ಓದಲು ಬರುತ್ತದೆಂದರೆ ಯಾವ ಅಕ್ಷರ ಎಂದು ಯಾರೂ ಕೇಳುವುದಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ನಾನೂ ಕೇಳಿರಲಿಲ್ಲ. ಕನ್ನಡ ಲಗ್ನಪತ್ರಿಕೆ ಬಂದಾಗಲೆಲ್ಲ ಅವಳ ಚಸ್ಮಾ ಯಾಕೆ ಕಳೆದುಹೋಗುತ್ತಿತ್ತು ಎಂಬುದು ಅವತ್ತು ಹೊಳೆಯಿತು.

ಬರುವುದಿಲ್ಲವೆಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದೆ.

“ಹೇಳಿದ್ರ ಕೂಸನ್ನ ಮತ್ತ ನಿನ್ನ ಮುಂದ ಕುಂಡರಸ್ತಿದ್ದಿ,” ಎಂದಳು ಅವ್ವ, ಶೇಂಗಾದಲ್ಲಿ ಕೈಯಾಡಿಸುವುದನ್ನು ನಿಲ್ಲಿಸದೆ.

ನನಗೆ ನಗು ಬಂತು, ಅದರ ಬೆನ್ನಿಗೇ ಅವಳು ಕರೆದಿಟ್ಟ ಹೆಂಗಸರು ನೆನಪಾದರು. ಶನಿವಾರ ಹುಡುಗಿ ಎಡವಿದರೆ ಓಣಿಯ ಮುಂದೆ ತಲೆ ತಗ್ಗಿಸಬೇಕಾದವಳು ಅವ್ವ.

ಅಂದಿನಿಂದ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡೆ. ಸೃಷ್ಟಿ ಆಯಿಯ ಬೆರಳು ಹಿಡಿದು ಅಕ್ಷರದ ಮೇಲೆ ಇಡುತ್ತಿದ್ದಳು. ಅವ್ವನನ್ನು ಗದರಿಸುವಷ್ಟು ಧೈರ್ಯ ನನಗೆ ಇಂದಿಗೂ ಇಲ್ಲ; ಅವಳ ಪಕ್ಕ ಕೂತದ್ದಕ್ಕೆ ಮಗಳೂ ಬಚಾವಾದಳು.

ಶನಿವಾರ ಟೀಚರು ಪದಗಳನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದರು. ಸೃಷ್ಟಿ ಅರಸ, ಬಸವರನ್ನು ದಾಟಿ ಗರಗಸದ ಮುಂದೆ ನಿಂತುಬಿಟ್ಟಳು. ನನ್ನ ನಾಲಗೆ ತುರಿಸಿತು, ತಡೆದುಕೊಂಡೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಅವ್ವನ ದನಿ: ಗ... ರ... ಗ... ಸ.

“ಆಯಿ, ಹೇಳಿ ಕೊಡಬ್ಯಾಡ್ರಿ. ಅಕಿನ ಓದ್ಲಿ,” ಎಂದರು ಟೀಚರು.

“ಹೇಳಿ ಕೊಟ್ಟಿಲ್ರಿ. ನಾನೂ ಓದಾಕತ್ತೀನಿ,” ಎಂದಳು ಅವ್ವ.

ಓಣಿಯ ಹೆಂಗಸರೆಲ್ಲ ಅವಳ ಕಡೆ ತಿರುಗಿದರು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಅವಳು ತಾನೇ ತುಂಬಿದ ಕೋಣೆಯಲ್ಲಿ ಬಿಚ್ಚಿಟ್ಟಿದ್ದಳು, ಅದೂ ಸೆರಗು ಸರಿಮಾಡಿಕೊಳ್ಳುತ್ತ ಹೆಮ್ಮೆಯಿಂದ. ಸೃಷ್ಟಿ ನಕ್ಕು, ಬೋರ್ಡಿನ ಮೇಲೆ ಬೆರಳಿಟ್ಟು, ಮೊದಲಿನಿಂದ ತಾನೇ ಓದಿದಳು.

ಸೃಷ್ಟಿ ಈಗ ನಾಲ್ಕನೇ ಇಯತ್ತೆ. ಇವತ್ತು ಬೆಳಿಗ್ಗೆ ಅವ್ವನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಅಥಣಿ ದಾಟಿ ಐಗಳಿ ಊರಿಗೆ ಹೊರಟಿದ್ದೆ. ದಾರಿಯ ಅಂಗಡಿಗಳ ಹೆಸರನ್ನೆಲ್ಲ ಅವಳು ಗಟ್ಟಿಯಾಗಿ ಓದುತ್ತಾಳೆ. ಒತ್ತಕ್ಷರ ಬಂದರೆ ನಿಧಾನ ಮಾಡೆಂದು ನನ್ನ ಭುಜ ಅದುಮುತ್ತಾಳೆ. ಅಥಣಿಯಲ್ಲಿ ಒಂದು ಉದ್ದನೆಯ ಹೆಸರು ಬಂತು, ಭುಜಕ್ಕೆ ಪೆಟ್ಟೇ ಬಿತ್ತು. ಗಾಡಿ ನಿಲ್ಲಿಸಿದೆ. ಹಿಂದೆ ಕಬ್ಬಿನ ಟ್ರ್ಯಾಕ್ಟರು ಹಾರ್ನ್ ಹೊಡೆಯತೊಡಗಿತು. ಹೊಡೆಯಲಿ ಬಿಡು, ಅವ್ವ ಇನ್ನೂ ಅರ್ಧದಲ್ಲಿದ್ದಾಳೆ ಎಂದುಕೊಂಡು ಕಾಲೂರಿ ಕೂತೆ.